ಗೆಳತಿಯ ನಾಮಪತ್ರದಲ್ಲಿ ನಾನೆಳೆದ ಗೆರೆಗಳು

ನನ್ನ ಗೆಳತಿ ಶಾಸಕಿಯಾಗುವ ಮೊದಲು ನಾವಿಬ್ಬರೂ ಒಂದೇ ಮೇಜಿನ ಎರಡು ಬದಿಯಲ್ಲಿ ಕೂರುತ್ತಿದ್ದೆವು. ಶಿವಾಜಿನಗರದ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಮೊದಲ ಮಹಡಿಯಲ್ಲಿ ನಮ್ಮ ಸೀನಿಯರ್ ವಕೀಲರ ಚೇಂಬರು. ಅವರು ಒಳಗಿನ ಕೋಣೆಯಲ್ಲಿ, ನಾವಿಬ್ಬರು ಜೂನಿಯರ್‌ಗಳು ಹೊರಗೆ. ಕಿಟಕಿಯ ಬದಿ ಅವಳದು, ಕಪಾಟಿನ ಬದಿ ನನ್ನದು. ಯಾರೂ ಹಾಗೆ ಹಂಚಿಕೊಟ್ಟಿರಲಿಲ್ಲ. ಕಕ್ಷಿದಾರರು ಬಂದರೆ ಅವಳು ಮಾತಾಡುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ಬರೆದದ್ದನ್ನು ಅವಳ ಮುಂದಿಟ್ಟರೆ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಎಲ್ಲಿ ಸೈನ್ ಮಾಡ್ಲಿ?" ಓದುತ್ತಿರಲಿಲ್ಲ. ನಾನು ಬರೆದಿದ್ದೇನೆ ಎಂಬುದೇ ಅವಳಿಗೆ ಸಾಕಾಗಿತ್ತು.

ಅವಳ ಹೆಸರು ಜನರ ಬಾಯಿಗೆ ಬಂದದ್ದು ಒಂದು ರಿಟ್ ಅರ್ಜಿಯಿಂದ. ಕೃಷ್ಣರಾಜಪುರ ರೈಲು ನಿಲ್ದಾಣದ ಹಿಂದೆ ಯಾದಗಿರಿ, ರಾಯಚೂರು ಕಡೆಯಿಂದ ಬಂದ ಕುಟುಂಬಗಳು ಬಾಡಿಗೆಗಿದ್ದ ತಗಡಿನ ಕೋಣೆಗಳ ಸಾಲೊಂದಿತ್ತು. ಅದನ್ನು ತೆರವು ಮಾಡುವ ನೋಟಿಸು ಬಂತು. ಅರ್ಜಿ ಬರೆದವಳು ನಾನು. ಗುರುವಾರವೇ ಸಲ್ಲಿಸೋಣವೆಂದು ಅವಳು ಹಟ ಹಿಡಿದಿದ್ದಳು. ಅನುಬಂಧಗಳ ಪುಟಸಂಖ್ಯೆ ತಪ್ಪಿದೆ, ನಕ್ಷೆ ಸರಿಯಿಲ್ಲ ಎಂದು ನಾನು ಒಂದು ದಿನ ಹೆಚ್ಚು ತೆಗೆದುಕೊಂಡೆ. ಶುಕ್ರವಾರ ಬೆಳಿಗ್ಗೆ ಜೆಸಿಬಿ ಬಂತು. ಅವಳು ಅದರ ಮುಂದೆ ಹೋಗಿ ನಿಂತಳು, ನಾನು ಕಡತ ಹಿಡಿದು ಪಕ್ಕದಲ್ಲಿ ನಿಂತೆ. ಸೀನಿಯರ್‌ಗೆ ಜ್ವರವಿದ್ದದ್ದರಿಂದ ಮಧ್ಯಾಹ್ನ ಹೈಕೋರ್ಟಿನಲ್ಲಿ ಅವಳೇ ವಾದ ಮಾಡಿದಳು. ತಡೆಯಾಜ್ಞೆ ಸಿಕ್ಕಿತು. ಸಂಜೆ ಟಿವಿಯಲ್ಲಿ ಅವಳು ಹೇಳಿದ ನಾಲ್ಕು ವಾಕ್ಯಗಳಲ್ಲಿ ಮೂರು ನನ್ನ ಅರ್ಜಿಯ ಹದಿನಾರನೇ ಪ್ಯಾರಾದವು.

ಅಸೂಯೆ ಎಂಬ ಪದವನ್ನು ಬರೆಯಲು ನನಗೆ ಸಂಕೋಚವಿಲ್ಲ. ಬಾಯಿಬಿಟ್ಟು ಹೇಳಲು ಇದೆ. ಅವಳ ಕಂಠ, ಅವಳು ಯಾರ ಹೆಗಲ ಮೇಲಾದರೂ ಕೈಯಿಡುವ ರೀತಿ, ಮೈಕು ಕಂಡಾಗ ಅವಳ ಮುಖದಲ್ಲಿ ಕಾಣಿಸಿಕೊಳ್ಳುವ ನಿರಾಳ ಇವೆಲ್ಲ ನನಗೆ ಬೇಕಿದ್ದವು. ಜೆಸಿಬಿ ತಡೆದದ್ದಕ್ಕೆ ದಾಖಲಾದ ಎಫ್‌ಐಆರ್‌ನಲ್ಲಿಯೂ ಅವಳ ಹೆಸರು ತಂದೆಯ ಹೆಸರು, ವಯಸ್ಸು, ವಿಳಾಸದ ಸಮೇತ ಇತ್ತು. ಅವಳಿಂದ ಎರಡಡಿ ದೂರದಲ್ಲಿ ನಿಂತಿದ್ದ ನಾನು 'ಮತ್ತು ಇತರರು' ಎಂಬುದರೊಳಗೆ ಸೇರಿಹೋಗಿದ್ದೆ. ಪ್ರಕರಣದಿಂದ ಪಾರಾದೆನೆಂದು ಸಂತೋಷಪಡಬೇಕಿತ್ತು. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೆಂದು ಈಗ ನೆನೆದರೂ ನಾಚಿಕೆಯಾಗುತ್ತದೆ.

ಎರಡು ವರ್ಷದ ನಂತರ ಒಂದು ಪಕ್ಷ ಅವಳಿಗೆ ನಗರದ ಪೂರ್ವಭಾಗದ ಕ್ಷೇತ್ರದಿಂದ ಟಿಕೆಟ್ ಕೊಟ್ಟಿತು. ಪತ್ರ ಕೈಸೇರಿದ್ದು ನಾಮಪತ್ರ ಸಲ್ಲಿಸುವ ಕೊನೆಯ ದಿನದ ಹಿಂದಿನ ದಿನ. ಅವಳು ಮೆಟ್ಟಿಲು ಹತ್ತಿ ಬಂದು ಕಿಟಕಿಯ ಬದಿ ಕೂರದೆ ನನ್ನ ಬದಿ ಬಂದು ನಿಂತಳು.

"ನಾಮಿನೇಷನ್ ನೀನೇ ನೋಡ್ಕೊಬೇಕು ಕಣೇ. ಪಾರ್ಟಿಯವ್ರು ಯಾರೋ ಲಾಯರ್ ಕಳಿಸ್ತೀನಿ ಅಂದ್ರು. ಬೇಡ ಅಂದೆ."

"ಯಾಕೆ ಬೇಡ ಅಂದೆ?"

"ಅವ್ರು ಬರೆದಿದ್ದನ್ನ ನಾನು ಓದ್ಬೇಕಾಗುತ್ತಲ್ಲ."

ಒಳಗಿನಿಂದ ಸೀನಿಯರ್ ನಕ್ಕದ್ದು ಕೇಳಿಸಿತು. "ಒಬ್ಬಳು ಓದಲ್ಲ, ಇನ್ನೊಬ್ಬಳು ಓದೋದು ನಿಲ್ಲಿಸಲ್ಲ. ಇಬ್ಬರನ್ನೂ ಸೇರಿಸಿದ್ರೆ ಒಬ್ಬ ಒಳ್ಳೆ ವಕೀಲ ಆಗ್ತಾನಮ್ಮಾ," ಎಂದರು.

ಅಂದು ಮಧ್ಯಾಹ್ನ ನಾನು ಅವಳ ಅಫಿಡವಿಟ್ ಸಿದ್ಧಪಡಿಸಿದೆ. ಅಭ್ಯರ್ಥಿ ತನ್ನ ಆಸ್ತಿ, ಸಾಲ, ಓದು, ತನ್ನ ಮೇಲಿನ ಪ್ರಕರಣ ಎಲ್ಲವನ್ನೂ ಪ್ರಮಾಣ ಮಾಡಿ ಹೇಳುವ ಉದ್ದನೆಯ ನಮೂನೆ ಅದು. ಅಭ್ಯರ್ಥಿಗೆ, ಗಂಡ ಅಥವಾ ಹೆಂಡತಿಗೆ, ಅವಿಭಕ್ತ ಕುಟುಂಬಕ್ಕೆ, ಅವಲಂಬಿತರಿಗೆ ಬೇರೆ ಬೇರೆ ಕಾಲಂ. ಅವಳಿಗೆ ಮದುವೆಯಾಗಿಲ್ಲ, ಜಮೀನಿಲ್ಲ, ಅವಲಂಬಿತರಿಲ್ಲ. ಹಾಗಾಗಿ ಹೆಚ್ಚಿನ ಕಾಲಂಗಳಲ್ಲಿ ತುಂಬಲು ಏನೂ ಇರಲಿಲ್ಲ. ಇದ್ದದ್ದು ಎಫ್‌ಐಆರ್ ಒಂದೇ. ಠಾಣೆ, ಕಲಂ, ಸದ್ಯದ ಹಂತ ಎಲ್ಲವನ್ನೂ ಪರಿಶೀಲಿಸಿ ನಾನೇ ಟೈಪು ಮಾಡಿದೆ. ಉಳಿದ ಕಡೆ ಗೆರೆ ಎಳೆದೆ.

ಈ ಗೆರೆ ನಮ್ಮ ಚೇಂಬರಿನ ಪದ್ಧತಿ. ಸೇರಿದ ಮೊದಲ ವಾರವೇ ಸೀನಿಯರ್ ಕಲಿಸಿದ್ದರು: "ಖಾಲಿ ಬಿಟ್ಟ ಜಾಗದಲ್ಲಿ ಆಮೇಲೆ ಯಾರು ಬೇಕಾದ್ರೂ ಏನು ಬೇಕಾದ್ರೂ ಸೇರಿಸ್ತಾರಮ್ಮಾ. ಗೆರೆ ಎಳಿ." ವಕಾಲತ್ತಿನಿಂದ ಕ್ರಯಪತ್ರದವರೆಗೆ ನಮ್ಮಲ್ಲಿಂದ ಹೋಗುವ ಯಾವ ಕಾಗದದಲ್ಲೂ ಖಾಲಿ ಜಾಗವಿರುವುದಿಲ್ಲ, ಗೆರೆ ಇರುತ್ತದೆ. ಚುನಾವಣೆಯ ಕೈಪಿಡಿಯಲ್ಲಿ ಪ್ರತಿ ಕಾಲಂನಲ್ಲೂ 'ಇಲ್ಲ' ಅಥವಾ 'ಅನ್ವಯಿಸುವುದಿಲ್ಲ' ಎಂದು ಬರೆಯಬೇಕೆಂದು ಸ್ಪಷ್ಟವಾಗಿದೆ. ಅದನ್ನು ನಾನು ಓದಿದ್ದೆ. ಆದರೆ ಟೈಪು ಮಾಡುವಾಗ ಕೈ ಚೇಂಬರಿನ ಅಭ್ಯಾಸದಂತೆಯೇ ನಡೆಯಿತು. ಇಪ್ಪತ್ತಕ್ಕೂ ಹೆಚ್ಚು ಗೆರೆಗಳು ಒಂದರ ಕೆಳಗೊಂದು ಅಚ್ಚುಕಟ್ಟಾಗಿ ಬಂದವು. ಅವಳು "ಎಲ್ಲಿ?" ಎಂದು ಕೇಳುತ್ತ ಪುಟಪುಟಕ್ಕೂ ಸಹಿ ಹಾಕಿದಳು. ಓಣಿಯ ತುದಿಯಲ್ಲಿದ್ದ ನೋಟರಿ ಮುದ್ರೆ ಒತ್ತಿಕೊಟ್ಟರು.

ಮರುದಿನ ನಾಮಪತ್ರಕ್ಕೆ ಕೊನೆಯ ದಿನ. ಮಧ್ಯಾಹ್ನ ಮೂರು ಗಂಟೆಯವರೆಗೆ ಮಾತ್ರ ಸಮಯ. ಕೃಷ್ಣರಾಜಪುರದ ಚುನಾವಣಾಧಿಕಾರಿ ಕಚೇರಿಯೊಳಗೆ ಅಭ್ಯರ್ಥಿಯೂ ಸೇರಿ ಐವರಿಗಷ್ಟೇ ಪ್ರವೇಶ. ನಾವು ಹೋದವರಲ್ಲಿ ಒಬ್ಬರು ಸೂಚಕರು, ಅಂದರೆ ಅಭ್ಯರ್ಥಿಯ ಹೆಸರನ್ನು ಸೂಚಿಸಿ ಸಹಿ ಮಾಡುವ ಕ್ಷೇತ್ರದ ಮತದಾರರು. ಆ ತಗಡಿನ ಕೋಣೆಗಳ ಸಾಲಿನ ಒಬ್ಬ ಹೆಂಗಸನ್ನೇ ಗೆಳತಿ ಸೂಚಕಿಯಾಗಿ ಆರಿಸಿದ್ದಳು. ಆಕೆ ಮಾರತ್ತಹಳ್ಳಿಯ ಒಂದು ಕಂಪನಿಯಲ್ಲಿ ನೆಲ ಒರೆಸುವ ಕೆಲಸ ಮಾಡುತ್ತಿದ್ದರು. ಮತದಾರರ ಪಟ್ಟಿಗೆ ಅವರ ಹೆಸರು ಸೇರಿಸುವ ಅರ್ಜಿ ಬರೆದುಕೊಟ್ಟವಳೂ ನಾನೇ.

ಎರಡು ಗಂಟೆಗೆ ನಾಮಪತ್ರ ಸಲ್ಲಿಕೆಯಾಯಿತು. ಗೆಳತಿ ಅಧಿಕಾರಿಯ ಎದುರು ನಿಂತು ಪ್ರತಿಜ್ಞೆ ಓದಿದಳು. ಆ ಸಣ್ಣ ಕೋಣೆಯಲ್ಲಿಯೂ ಅವಳ ದನಿ ಸಭೆಗೆ ತಕ್ಕಂತಿತ್ತು. ಹೊರಗೆ ಡೋಲು ಶುರುವಾಗಿ ಅವಳು ತೆರೆದ ಜೀಪು ಹತ್ತಿ ಹೋದಳು. ಕಾಗದ ಪತ್ರ ಪಡೆಯುವ ಅಧಿಕಾರವನ್ನು ನನಗೆ ಬರೆದುಕೊಟ್ಟಿದ್ದರಿಂದ ನಾನು ಅಲ್ಲೇ ಉಳಿದೆ. ಮೂರು ಹತ್ತಕ್ಕೆ ಗುಮಾಸ್ತರು ಒಂದು ಹಾಳೆ ಕೊಟ್ಟರು. ಅದು ಸಲ್ಲಿಸಿದ ಕಾಗದಗಳಲ್ಲಿನ ಕೊರತೆಗಳನ್ನು ಗುರುತಿಸಿದ ಪಟ್ಟಿ.

"ಕಾಲಂಗಳೆಲ್ಲ ಖಾಲಿ ಇದೆ ಮೇಡಂ. ಡ್ಯಾಶ್ ಹಾಕಿದ್ದೀರಿ. ನಾಳೆ ಹನ್ನೊಂದಕ್ಕೆ ಸ್ಕ್ರೂಟಿನಿ. ಅದಕ್ಕೆ ಮುಂಚೆ ಹೊಸ ಅಫಿಡವಿಟ್ ಕೊಟ್ಟುಬಿಡಿ. ಇಲ್ಲಿ ಟೈಮ್ ಹಾಕಿ ಸಹಿ ಮಾಡಿ."

'ಮಧ್ಯಾಹ್ನ 3.10' ಎಂದು ಬರೆದು ಸಹಿ ಮಾಡಿದೆ.

ಆ ಕ್ಷಣ ನನಗಾದದ್ದು ಗಾಬರಿಯಲ್ಲ. ತಪ್ಪು ನನ್ನದೆಂದು ಗೊತ್ತಾಗುವ ಮೊದಲೇ, ಅದನ್ನು ಹೇಗೆ ಸಮರ್ಥಿಸಿಕೊಳ್ಳಬಹುದು ಎಂಬುದು ತಲೆಯಲ್ಲಿ ಓಡತೊಡಗಿತ್ತು. ಗೆರೆ ಎಂದರೆ ಖಾಲಿಯಲ್ಲ. ಖಾಲಿ ಬಿಟ್ಟವರು ಏನನ್ನೂ ಹೇಳಿಲ್ಲ, ಗೆರೆ ಎಳೆದವರು ಇಲ್ಲವೆಂದು ಹೇಳಿದ್ದಾರೆ. ಮಾಹಿತಿಯನ್ನು ಮುಚ್ಚಿಟ್ಟಿಲ್ಲ, ದೋಷವಿದ್ದರೂ ಅದು ಗುರುತರವಲ್ಲ. ಕಚೇರಿಯ ಹೊರಗಿನ ಕಟ್ಟೆಯ ಮೇಲೆ ಕೂತು ಆ ಹಾಳೆಯ ಹಿಂದೆಯೇ ನಾನು ಅಂಶಗಳನ್ನು ಬರೆಯತೊಡಗಿದೆ. ಪರಿಶೀಲನೆಯ ವೇಳೆ ಅಭ್ಯರ್ಥಿಯ ಪರವಾಗಿ ಒಬ್ಬ ವಕೀಲರು ಹಾಜರಿರಬಹುದು. ಎದುರು ಪಕ್ಷದವರು ಆಕ್ಷೇಪಣೆ ಎತ್ತುತ್ತಾರೆ. ಆಗ ನಾನು ಎದ್ದು ನಿಲ್ಲಬೇಕಾಗುತ್ತದೆ. ಅವಳು ಕೂತಿರುತ್ತಾಳೆ, ನಾನು ಮಾತಾಡುತ್ತಿರುತ್ತೇನೆ. ಹೊರಗೆ ಮೈಕುಗಳಿರುತ್ತವೆ. ಅವಳ ಉಮೇದುವಾರಿಕೆ ಉಳಿಸಿದವಳು ಎಂದು ಒಮ್ಮೆಯಾದರೂ ನನ್ನ ಹೆಸರು ಹೇಳುತ್ತಾರೆ.

ಹೊಸ ಅಫಿಡವಿಟ್‌ಗೆ ಅವಳ ಸಹಿ ಬೇಕು. ಅವಳಿಗೆ ಫೋನು ಮಾಡಬೇಕು. ಮಾಡಲಿಲ್ಲ. ಮೆರವಣಿಗೆಯಲ್ಲಿದ್ದಾಳೆ, ಕೇಳಿಸುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಾಲ್ಕಾಯಿತು, ಐದಾಯಿತು. ನನ್ನ ಅಂಶಗಳು ಒಂಬತ್ತಕ್ಕೇರಿದವು.

ಸೂಚಕಿ ಹೆಂಗಸು ಅಷ್ಟು ಹೊತ್ತೂ ಅಲ್ಲೇ ಇದ್ದದ್ದು ನನ್ನ ಗಮನಕ್ಕೆ ಬಂದಿರಲಿಲ್ಲ. ಟೀ ತಂದು ಪಕ್ಕದಲ್ಲಿಟ್ಟರು.

"ಅಕ್ಕಾರ, ನಾಳಿನೂ ನಾ ಬರಬೇಕೇನ್ರಿ? ರಜಾ ಕೇಳ್ಬೇಕು, ಅದಕ್ಕss ಕುಂತೀನಿ."

"ಬಂದರೆ ಒಳ್ಳೇದು. ನಿಮ್ಮ ಸಹಿ ನಿಮ್ಮದೇನಾ ಅಂತ ಕೇಳಬಹುದು."

"ಬರ್ತೀನಿ ಬಿಡ್ರಿ." ಒಂದು ಗುಟುಕು ಕುಡಿದು ನನ್ನತ್ತ ತಿರುಗಿದರು. "ನೀವ್ಯಾಕ ನಿಂದರಲಿಲ್ರಿ ಎಲೆಕ್ಷನ್ನಿಗೆ? ಕಾಗದ ಎಲ್ಲಾ ನೀವss ಮಾಡ್ತೀರಿ."

"ನನ್ನನ್ನ ಯಾರೂ ಕೇಳಲಿಲ್ಲ."

"ನೀವರ ಯಾರಿಗಿ ಕೇಳೀರಿ? ಆ ಅಕ್ಕಾರು ನಮ್ಮ ಓಣಿಗಿ ಬಂದ್ರ ಚಾ ಕುಡದು, ಕೂಸಿನ ಹೆಸರು ಕೇಳಿ ಹೋಗ್ತಾರ. ನೀವು ಬಂದ್ರ ಆಧಾರ್ ಕಾರ್ಡ್ ಕೇಳ್ತೀರಿ."

ಆಕೆ ನಗುತ್ತಲೇ ಹೇಳಿದರು. ನಾನೂ ನಕ್ಕೆ. ಆಮೇಲೆ ಕೈಯಲ್ಲಿದ್ದ ಹಾಳೆಯ ಬಗ್ಗೆ ಕೇಳಿದರು. ಒಂದು ತಕರಾರು ಬಂದಿದೆ, ನಾಳೆ ವಾದ ಮಾಡಿ ಸರಿಪಡಿಸುತ್ತೇನೆ ಎಂದೆ.

"ನಿಮ್ಮ ಮಾತು ಅವ್ರು ಒಪ್ಪಲಿಲ್ಲಂದ್ರ?"

"ನಾಮಪತ್ರ ತಿರಸ್ಕಾರ ಆಗುತ್ತೆ. ಆಮೇಲೆ ಹೈಕೋರ್ಟಿಗೆ ಹೋಗಬಹುದು. ನಮ್ಮ ವಾದ ಗಟ್ಟಿ ಇದೆ."

"ಆಮ್ಯಾಲ ಅಂದ್ರ ಯಾವಾಗ್ರಿ?"

"ಚುನಾವಣೆ ಮುಗಿದ ಮೇಲೆ. ಮಧ್ಯದಲ್ಲಿ ಕೋರ್ಟು ಕೈ ಹಾಕಲ್ಲ."

ಆಕೆ ಲೋಟ ಕೆಳಗಿಟ್ಟರು. "ಅಂದ್ರ ನಮ್ಮ ಸ್ಟೇ ಆದಂಗss ಆಯ್ತು. ಗೆದ್ದೀವಿ ಖರೆ. ಸ್ಟೇ ಬರೂದ್ರೊಳಗ ನಾಲ್ಕು ಮನಿ ಬಿದ್ದಿದ್ವು."

ದೂರಾಗಿ ಹೇಳಿದ ಮಾತಲ್ಲ ಅದು. ಪುಟಸಂಖ್ಯೆಗಾಗಿ ನಾನು ಒಂದು ದಿನ ಹಿಡಿದಿಟ್ಟುಕೊಂಡದ್ದು ಆಕೆಗೆ ಗೊತ್ತೇ ಇರಲಿಲ್ಲ. ಬಿದ್ದ ನಾಲ್ಕರಲ್ಲಿ ಮೂರನೆಯದು ಆಕೆಯದು ಎಂಬುದು ನನಗೆ ಗೊತ್ತಿತ್ತು. ಅರ್ಜಿಯ ಜೊತೆ ಆಮೇಲೆ ಸಲ್ಲಿಸಿದ ಫೋಟೋಗಳಿಗೆ ಸಂಖ್ಯೆ ಹಾಕಿದವಳು ನಾನು.

ಹಾಳೆ ಮಡಚಿ ಎದ್ದೆ. ಗಂಟೆ ಐದೂ ಮುಕ್ಕಾಲು. ಗೆಳತಿಗೆ ಆರು ಸಲ ಫೋನು ಮಾಡಿದೆ. ಈಗ ನಿಜವಾಗಿಯೂ ಅವಳಿಗೆ ಕೇಳಿಸುತ್ತಿರಲಿಲ್ಲ.

ಕೃಷ್ಣರಾಜಪುರದ ಸಂತೆಯ ರಸ್ತೆಯಲ್ಲಿ ಜೀಪು ನಿಂತಿತ್ತು, ಅಥವಾ ನಡೆಯುತ್ತಿತ್ತು. ಆ ಜನಜಂಗುಳಿಯಲ್ಲಿ ಎರಡಕ್ಕೂ ವ್ಯತ್ಯಾಸವಿರಲಿಲ್ಲ. ನೂರಾರು ಜನರ ನಡುವೆ ನುಗ್ಗಿಕೊಂಡು ಹೋಗುವುದು ನನ್ನಿಂದಾಗದ ಕೆಲಸ. ಸೊಪ್ಪಿನ ಬುಟ್ಟಿಗಳನ್ನು ದಾಟಿ, ಬಸ್ಸೊಂದರ ಮೈಗೆ ಒರಗಿಕೊಂಡು ಹೇಗೋ ಜೀಪಿನ ಹತ್ತಿರ ಹೋದೆ. ಹೆಗಲಿಗೆ ಪಕ್ಷದ ಶಾಲು ಹಾಕಿಕೊಂಡಿದ್ದವನೊಬ್ಬ ತಡೆದ.

"ಮೇಡಂ, ಹಿಂದೆ ಹಿಂದೆ. ಸೆಲ್ಫಿ ಎಲ್ಲ ಆಮೇಲೆ."

"ನಾನು ಅವರ ವಕೀಲೆ."

"ಲಾಯರ್ ಅಕ್ಕ ಮೇಲಿದ್ದಾರಲ್ಲ ಮೇಡಂ, ನೀವ್ಯಾವ ಲಾಯರ್?" ಎಂದು ಪಕ್ಕದವನತ್ತ ತಿರುಗಿ, "ಲೋ ಮಗಾ, ಇವ್ರೂ ಲಾಯರ್ ಅಂತೆ," ಎಂದ.

ನಾನು ಎಂದೂ ಹಾಗೆ ಕೂಗಿದವಳಲ್ಲ. ಅವಳ ಹೆಸರು ಹಿಡಿದು, ಕಾಲೇಜಿನ ಕಾಲದ ಅಡ್ಡಹೆಸರನ್ನೂ ಸೇರಿಸಿ ಕೂಗಿದೆ. ಅವಳು ತಿರುಗಿದಳು. ನನ್ನ ಮುಖ ನೋಡಿ ಏನೂ ಕೇಳದೆ ಇಳಿದಳು.

ಕಾರಿನಲ್ಲಿ ಹೋದರೆ ಶಿವಾಜಿನಗರ ತಲುಪಲು ಎರಡು ಗಂಟೆ ಬೇಕು ಎಂದು ಜೀಪಿನ ಚಾಲಕ ಹೇಳಿದ. ನೋಟರಿ ಎಂಟಕ್ಕೆ ಬಾಗಿಲು ಹಾಕುತ್ತಾರೆ. ಇಬ್ಬರೂ ಮೆಟ್ರೋ ಹತ್ತಿದೆವು. ಅವಳ ಕೊರಳಲ್ಲಿ ಇನ್ನೂ ಹಾರವಿತ್ತು. ಬೆನ್ನಿಗಾನಹಳ್ಳಿ ಬರುವಷ್ಟರಲ್ಲಿ ತೆಗೆದು ಮಡಿಲಲ್ಲಿಟ್ಟುಕೊಂಡು ಹಾಳೆ ಕೇಳಿದಳು. ನಾನು ಕೊಟ್ಟದ್ದನ್ನು ಅವಳು ಪೂರ್ತಿ ಓದಿದ್ದು ಅದೇ ಮೊದಲು. ಮುಂಬದಿಯನ್ನೂ ಓದಿದಳು, ತಿರುಗಿಸಿ ಹಿಂದೆ ನಾನು ಬರೆದಿದ್ದ ಒಂಬತ್ತು ಅಂಶಗಳನ್ನೂ ಓದಿದಳು.

"ಇದು ಮೂರು ಹತ್ತಕ್ಕೆ ಬಂದಿದೆ."

"ಹೌದು."

"ಈಗ ಆರೂ ಮುಕ್ಕಾಲು."

"ಹೌದು. ಫೋನ್ ಮಾಡ್ಬಹುದಿತ್ತು. ಮಾಡ್ಲಿಲ್ಲ. ನಾಳೆ ನಾನೇ ವಾದ ಮಾಡ್ಬೇಕು ಅನ್ನಿಸ್ತು."

ಅವಳು ಕಿಟಕಿಯತ್ತ ತಿರುಗಿದಳು. ಇಂದಿರಾನಗರ ಬಂತು, ಜನ ಇಳಿದರು, ಹತ್ತಿದರು. ಯಾರೋ ಅವಳನ್ನು ಗುರುತಿಸಿ ಕೈಮುಗಿದರು. ಅವಳೂ ಮುಗಿದಳು, ನಕ್ಕಳು. ಹಲಸೂರು ದಾಟಿದ ಮೇಲೆ ನನ್ನತ್ತ ನೋಡದೆಯೇ ಕೇಳಿದಳು.

"ಗೆಲ್ತಿದ್ವಾ?"

"ನೂರಕ್ಕೆ ಅರವತ್ತು."

"ನಿನ್ನ ಅರವತ್ತು ಅಂದ್ರೆ ಬೇರೆಯವ್ರ ತೊಂಬತ್ತು." ಹಾಳೆಯನ್ನು ಮಡಚಿ ತನ್ನ ಚೀಲದಲ್ಲಿಟ್ಟುಕೊಂಡಳು. ನನಗೆ ವಾಪಸು ಕೊಡಲಿಲ್ಲ.

ನೋಟರಿ ಬಾಗಿಲಿನ ಅರ್ಧ ಶಟರ್ ಎಳೆದಿದ್ದರು. "ಅರೇ, ನಿನ್ನೆ ತಾನೇ ಮಾಡ್ಕೊಟ್ಟೆ ಅಲ್ವಾ ಮೇಡಂ? ಮತ್ತೆ ಏನು ಲಫ್ಡಾ?" ಎಂದು ಗೊಣಗಿದರೂ ಒಳಗೆ ಕರೆದರು. ನಾನು ಪೆನ್‌ಡ್ರೈವ್ ಹಾಕಿ ಒಂದೊಂದೇ ಗೆರೆ ಅಳಿಸಿ 'ಅನ್ವಯಿಸುವುದಿಲ್ಲ' ಎಂದು ತುಂಬಿದೆ. ಒಂದೇ ಸಲಕ್ಕೆ ಎಲ್ಲವನ್ನೂ ಬದಲಿಸಬಹುದಿತ್ತು. ಧೈರ್ಯವಾಗಲಿಲ್ಲ. ಕೆಲವು ಕಡೆ 'ಇಲ್ಲ' ಬರಬೇಕಿತ್ತು. ಗಂಡನ ಕಾಲಂ, ಅವಲಂಬಿತರ ಕಾಲಂ, ಜಮೀನಿನ ಕಾಲಂ. ಗೆಳತಿ ನನ್ನ ಹೆಗಲ ಹಿಂದೆ ನಿಂತು ಪ್ರತಿಯೊಂದನ್ನೂ ನೋಡುತ್ತಿದ್ದಳು. ಸಹಿ ಹಾಕುವಾಗ "ಎಲ್ಲಿ?" ಎನ್ನಲಿಲ್ಲ. ಜಾಗ ತಾನೇ ಹುಡುಕಿಕೊಂಡಳು.

"ಎರಡೆರಡು ಸಲ ಕಸಮ್ ತಿಂದ್ರಿ," ಎಂದು ಪ್ರಮಾಣದ ಸಾಲಿನ ಕೆಳಗೆ ಮುದ್ರೆ ಒತ್ತುತ್ತ ನೋಟರಿ ನಕ್ಕರು, "ಮಂತ್ರಿನೇ ಆಗ್ತೀರಿ, ನೋಡಿ."

ಬೆಳಿಗ್ಗೆ ಹತ್ತಕ್ಕೆ ಹೊಸ ಅಫಿಡವಿಟ್ ಸಲ್ಲಿಸಿ ಸ್ವೀಕೃತಿ ಪಡೆದೆ. ಹನ್ನೊಂದಕ್ಕೆ ಪರಿಶೀಲನೆ ಶುರುವಾಯಿತು. ನಮಗಿಂತ ಮೊದಲು ಒಬ್ಬ ಪಕ್ಷೇತರರ ಸರದಿ. ಅವರ ಅಫಿಡವಿಟ್‌ನಲ್ಲೂ ಗೆರೆಗಳಿದ್ದವು. ಅವರಿಗೂ ನಮ್ಮಂಥದೇ ಹಾಳೆ ಹೋಗಿತ್ತು, ಅವರು ಹೊಸದು ಕೊಟ್ಟಿರಲಿಲ್ಲ. ಆಕ್ಷೇಪಣೆ ಬಂತು. ಅವರ ವಕೀಲ ಎದ್ದ. ನನ್ನಷ್ಟೇ ವಯಸ್ಸಿನವನು, ಕೋಟಿನ ತೋಳು ಸ್ವಲ್ಪ ಉದ್ದವಾಗಿತ್ತು. ಗೆರೆ ಎಂದರೆ ಖಾಲಿಯಲ್ಲ ಎಂದು ಶುರು ಮಾಡಿದ. ನನ್ನ ಒಂಬತ್ತು ಅಂಶಗಳಲ್ಲಿ ಐದು ಮಾತ್ರ ಅವನಿಗೆ ಹೊಳೆದಿದ್ದವು. ಎರಡನ್ನು ತಪ್ಪು ಕ್ರಮದಲ್ಲಿ ಹೇಳಿದ. ಚುನಾವಣಾಧಿಕಾರಿ ಎದ್ದು ಹೋಗಿ ಫೋನಿನಲ್ಲಿ ಮಾತಾಡಿ ಬಂದು, ಆಕ್ಷೇಪಣೆಯನ್ನು ತಳ್ಳಿಹಾಕಿ ನಾಮಪತ್ರವನ್ನು ಅಂಗೀಕರಿಸಿದರು.

ನಾನು ಗೆಳತಿಯತ್ತ ನೋಡಲಿಲ್ಲ. ಅವಳು ನನ್ನತ್ತ ನೋಡುತ್ತಿದ್ದಳೆಂದು ಗೊತ್ತಿತ್ತು.

ನಮ್ಮ ಸರದಿ ಒಂದು ನಿಮಿಷದಲ್ಲಿ ಮುಗಿಯಿತು. ಎದುರು ಪಕ್ಷದ ವಕೀಲರು ಏಳಲು ಹೊರಟರು, ಹೊಸ ಅಫಿಡವಿಟ್ ಬಂದಿದೆ ಎಂದು ಅಧಿಕಾರಿ ಹೇಳಿದ್ದೇ ಕೂತರು. ನಾನು ಬಾಯಿ ತೆರೆಯಲಿಲ್ಲ. ಹೊರಗೆ ಮೈಕುಗಳು ಮೊದಲು ಆ ಉದ್ದ ತೋಳಿನ ವಕೀಲನ ಸುತ್ತ ನೆರೆದವು. ಅವನು ತೊದಲುತ್ತ, ಬೆವರುತ್ತ, ಸಂತೋಷದಿಂದ ಮಾತಾಡುತ್ತಿದ್ದ. ಸೂಚಕಿ ಹೆಂಗಸು ನನ್ನ ಕೈ ಹಿಡಿದು, "ನಮ್ದು ಪಾಸಾಯ್ತಲ್ರಿ ಅಕ್ಕಾರ?" ಎಂದು ಕೇಳಿದರು. ಆಯಿತು ಎಂದೆ. ಆಕೆ ಎರಡನೇ ಪಾಳಿಗಾದರೂ ಸೇರಿಸಿಕೊಳ್ಳುತ್ತಾರೇನೋ ಎಂದು ಬಸ್ಸಿಗೆ ಓಡಿದರು.

ಹಿಂದಿನ ಸಂಜೆ ಅವಳನ್ನು ಜೀಪಿನಿಂದ ಇಳಿಸಿ ಹೊಸ ಅಫಿಡವಿಟ್ ಮಾಡಿಸಿದ್ದು ಸರಿ ಎಂದು ಈಗಲೂ ಹೇಳುತ್ತೇನೆ. ನೂರರಲ್ಲಿ ಉಳಿದ ನಲವತ್ತರ ಅಪಾಯಕ್ಕೆ ಅವಳನ್ನು ಒಡ್ಡುವ ಹಕ್ಕು ನನ್ನದಾಗಿರಲಿಲ್ಲ. ಹಾಗೆಂದು ಆ ವಕೀಲನ ಮೇಲಿನ ಹೊಟ್ಟೆಕಿಚ್ಚು ಕಡಿಮೆಯಾಗಿಲ್ಲ. ಗೆಳತಿಯ ಮೇಲಿನದು ಸ್ವಲ್ಪ ಅವನ ಕಡೆಗೆ ಹಂಚಿಹೋಗಿದೆ, ಅಷ್ಟೆ.

ಅವಳು ಗೆದ್ದಳು. ಈಗ ಸದನದಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ನಾನು ಬರೆದುಕೊಡುತ್ತೇನೆ, ಇಲಾಖೆಗಳಿಂದ ಬರುವ ಉತ್ತರಗಳನ್ನು ಪರಿಶೀಲಿಸುತ್ತೇನೆ. ತಗಡಿನ ಕೋಣೆಗಳ ಸಾಲಿಗೆ ನಿವೇಶನ ಕೊಡಿಸುವ ಕಡತ ನಿಧಾನವಾಗಿಯಾದರೂ ಮುಂದೆ ಹೋಗುತ್ತಿದೆ. ವಾರಕ್ಕೊಮ್ಮೆ ಅವಳ ಕಚೇರಿಗೆ ಹೋಗುತ್ತೇನೆ. ಅವಳು ಎಂದಿನಂತೆ ಹೆಗಲ ಮೇಲೆ ಕೈಯಿಡುತ್ತಾಳೆ, ಟೀ ತರಿಸುತ್ತಾಳೆ, ನನ್ನ ಅಮ್ಮನನ್ನು ವಿಚಾರಿಸುತ್ತಾಳೆ. ಆ ಸಂಜೆಯ ಮಾತನ್ನು ಒಮ್ಮೆಯೂ ಎತ್ತಿಲ್ಲ. ಆ ಹಾಳೆಯನ್ನು ಏನು ಮಾಡಿದಳೆಂದು ನಾನು ಕೇಳಿಲ್ಲ.

ನಾನು ಕಾಗದ ಮುಂದಿಟ್ಟಾಗ ಮಾತ್ರ ಅವಳು ಕನ್ನಡಕ ಹಾಕಿಕೊಂಡು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುತ್ತಾಳೆ. ಪೆನ್ನಿನ ಮುಚ್ಚಳ ತೆಗೆದು, ಸಹಿ ಹಾಕುವ ಮುಂಚೆ ತಲೆಯೆತ್ತಿ ಕೇಳುತ್ತಾಳೆ:

"ಇದು ನಿನ್ನ ಕೈಗೆ ಯಾವಾಗ ಬಂತು?"

ನಾನು ಗಂಟೆ, ನಿಮಿಷ ಹೇಳುತ್ತೇನೆ. ಅವಳು ಸಹಿ ಹಾಕುತ್ತಾಳೆ.